ಹರಕೆಕೋಣೆಗೆ ಕೊಟ್ಟ ಅಪ್ಪಣೆ

ಕಡಲು ಎರಡು ಮೊಳ ಮೇಲೆ ಬಂದು ನಿಂತ ಮೇಲಿನ ಮಾತು ಇದು. ಅಘನಾಶಿನಿ ಹೊಳೆ ಕಡಲು ಸೇರುವ ಕಡೆ ದೇವರಕೂರ್ವೆ ಅಂತ ಒಂದು ನಡುಗಡ್ಡೆ. ಮೂವತ್ತೆರಡು ಮನೆ, ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯೊಳಗೆ ಗಜನಿ ಗದ್ದೆ. ಉಪ್ಪು ನೀರಿಗೆ ಅಂಜದ ಕಗ್ಗ ಭತ್ತ ಬೆಳೆಯುವ ಗದ್ದೆ. ಅಂಜದ್ದು ಅಂದರೂ ಬೆರಳುದ್ದದ ಸಸಿಯಾಗಿರುವಾಗ ಕಗ್ಗಕ್ಕೂ ಉಪ್ಪೆಂದರೆ ಸಾವೇ. ಅದಕ್ಕೇ ಕಟ್ಟೆಯಲ್ಲಿ ಒಂದು ಬಾಗಿಲು. ಊರವರು ಅದಕ್ಕೆ ಜಂತ್ರಡಿ ಅಂತಾರೆ. ಉಬ್ಬರಕ್ಕೆ ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು.

ಹಿಂದಿನವರು ಈ ಕೆಲಸವನ್ನು ಒಬ್ಬರ ಕೈಗೆ ಕೊಟ್ಟಿರಲಿಲ್ಲ. ಮೂರು ಮನೆಗೆ ಹಂಚಿದ್ದರು. ಒಂದು ನೋಡುವ ಮನೆ. ನೀರಿಗೆ ಕೋಲಿಳಿಸಿ ಎಷ್ಟು ಏರಿತು ಎಂದು ನೋಡುವುದಷ್ಟೇ ಅವರ ಪಾಲು. ಒಂದು ಹೇಳುವ ಮನೆ. ತಿಥಿ ಎಣಿಸಿ, ಗಾಳಿ ನೋಡಿ, ಇಂಥ ಹೊತ್ತಿಗೆ ತೆರೆಯಿರಿ, ಇಂಥ ಹೊತ್ತಿಗೆ ಮುಚ್ಚಿರಿ ಎಂದು ಹೇಳುವವರು. ಮತ್ತೊಂದು ಎಳೆಯುವ ಮನೆ, ಹಲಗೆ ಎಳೆಯುವವರು. ಹೇಳಿದವ ಎಳೆಯುವಂತಿಲ್ಲ, ಎಳೆಯುವವ ತಾನೇ ಹೇಳಿಕೊಳ್ಳುವಂತಿಲ್ಲ. ಈ ಮೂರು ಮನೆಗಳೊಳಗೆ ಹೆಣ್ಣು ಕೊಟ್ಟು ತರುವುದೂ ಇಲ್ಲವೆಂದು ಜಟಗದೇವರ ಮುಂದೆ ಆಣೆಯಾಗಿತ್ತು.

ಎಳೆಯುವ ಮನೆಯ ಈಗಿನ ಯಜಮಾನಿ ಬೀರಮ್ಮ. ಅವಳ ಕಾಲಕ್ಕೆ ಹಲಗೆ ಹೋಗಿ ಮೋಟಾರು ಬಂತು, ದಿಬ್ಬದ ಮೇಲಿನ ಹಳೇ ಶಾಲೆಯ ಕೊಠಡಿಯಲ್ಲಿ ಸರ್ವರ್ ಬಂದು ಕೂತಿತು. ಕಲಿಸಲು ಬಂದ ಸರ್ಕಾರಿ ಕಚೇರಿಯವರು ಒಂದು ವಾರ ಬೇಕು ಅಂದಿದ್ದರು. ಬೀರಮ್ಮನಿಗೆ ಒಂದು ಬೆಳಗು ಸಾಕಾಯಿತು. ಸರ್ವರ್ ಅಂದರೆ ಒಂದು ಮನೆ, ಅದರೊಳಗೆ ಕೋಣೆಗಳು. ಒಂದೊಂದು ಕೋಣೆಗೂ ಮೂರು ಅಪ್ಪಣೆ: ಯಾರು ಓದಬಹುದು, ಯಾರು ಬರೆಯಬಹುದು, ಯಾರು ನಡೆಸಬಹುದು. ಬರೆದಿಟ್ಟ ಸಾಲು ಸುಮ್ಮನೆ ಬಿದ್ದಿರುತ್ತದೆ. ನಡೆಸುವ ಅಪ್ಪಣೆಯಿದ್ದ ಕೋಣೆಯಲ್ಲಾದರೆ ಅದೇ ಸಾಲಿಗೆ ಕೈಕಾಲು ಬಂದು, ಎದ್ದು ಹೋಗಿ ಮೋಟಾರು ತಿರುಗಿಸುತ್ತದೆ.

"ಅಯ್ಯ, ಇದು ನಮ್ಮ ಮೂರು ಮನೆಯೇ ಅಲ್ದಾ!" ಎಂದು ಅವಳು ನಕ್ಕಿದ್ದಳು.

ಹಾಗೇ ವ್ಯವಸ್ಥೆ ಮಾಡಿದಳು. ನೀರಿನ ಲೆಕ್ಕದ ಕೋಣೆಯಲ್ಲಿ ಬರೆಯುವುದು ನೋಡುವ ಮನೆಯ ಸಾತಜ್ಜಿ. ಊರಿನ ಪುಟ ತೆರೆದು ಯಾರು ಬೇಕಾದರೂ ಓದಬಹುದು. ಬಾಗಿಲಿನ ಕೋಣೆಯಲ್ಲಿ ಬರೆಯುವುದು ಹೇಳುವ ಮನೆಯ ಶಾಂತಾರಾಮ, ನಡೆಸುವುದು ಬೀರಮ್ಮ.

ಮತ್ತೊಂದು ಕೋಣೆ ಇತ್ತು. ಕಡಲು ಏರಿದ ವರ್ಷ ಜಟಗನ ಕಲ್ಲು ನೀರಿನಡಿ ಹೋಯಿತು. ಕಲ್ಲು ಹೋದರೂ ಹರಕೆ ಹೊರುವುದು ಹೋಗುತ್ತದೆಯೆ? ಊರ ಪುಟದಲ್ಲೇ ಹರಕೆಗೊಂದು ಕೋಣೆ ಮಾಡಿದರು. ಅಲ್ಲಿ ಯಾರು ಬೇಕಾದರೂ ಬರೆದಿಡಬಹುದು. ಇಟ್ಟವರು ಮಾತ್ರ ತಮ್ಮದನ್ನು ತಿದ್ದಬಹುದು. ಇನ್ನೊಬ್ಬರದ್ದನ್ನು ಯಾರೂ ಓದುವಂತಿಲ್ಲ. ಬಾಯಿಬಿಟ್ಟ ಹರಕೆ ಫಲಿಸುವುದಿಲ್ಲ ಅನ್ನುವುದು ನಂಬಿಕೆ. ಆದರೆ ಯಂತ್ರದಲ್ಲಿ ಪ್ರತಿ ಕೋಣೆಗೂ ಒಬ್ಬ ಒಡೆಯ ಬೇಕು. ಜಟಗನ ಹೆಸರಿಗೆ ಖಾತೆ ಮಾಡಿ ಅಂದರೆ, ಅವನ ಗುರುತಿನ ಚೀಟಿ ಎಲ್ಲಿ ಎಂದು ಕಚೇರಿಯವರು ಕೇಳಿದರು. ಕೊನೆಗೆ ಬೀರಮ್ಮನ ಹೆಸರೇ ಬಿತ್ತು. ಒಡತಿಯಾದವಳು ಮನಸ್ಸು ಮಾಡಿದರೆ ಓದಬಹುದಿತ್ತು. ಆರು ವರ್ಷದಲ್ಲಿ ಅವಳು ಒಂದೇ ಒಂದನ್ನೂ ತೆರೆದು ನೋಡಿರಲಿಲ್ಲ.

*

ಈ ಸಲ ಮುಂಗಾರು ಹಿಂದೆ ಬಿತ್ತು. ಮೊದಲ ಮಳೆಗೆ ಬಿತ್ತಿದ ಬೀಜ ಬೆರಳುದ್ದ ಎದ್ದಿತ್ತು. ಹೊಳೆಯಲ್ಲಿನ್ನೂ ಉಪ್ಪು ಹಾಗೇ ಇತ್ತು. ಹುಣ್ಣಿಮೆಯ ದಿನ ಊರಿಗೆ ಊರೇ ಪಡುಗಡೆಯ ಕಟ್ಟೆಗೆ ಮಣ್ಣು ಹಾಕಲು ನಿಂತಿತ್ತು. ಕೆಸರಿನ ಕೆಲಸವೆಂದು ಎಲ್ಲರ ಫೋನೂ ಒಂದು ಬುಟ್ಟಿಯಲ್ಲಿ, ಬುಟ್ಟಿ ಸೋಗೆಯ ಮಾಡಿನಡಿ. ಮಧ್ಯಾಹ್ನ ಉಬ್ಬರದ ಹೊತ್ತಿಗೆ, ಅವರ ಬೆನ್ನ ಹಿಂದೆ, ಜಂತ್ರಡಿ ತಾನಾಗಿ ತೆರೆದುಕೊಂಡಿತು. ನೋಡಿ ಓಡಿ ಬರುವಷ್ಟರಲ್ಲಿ ಕೆಳಗದ್ದೆಗಳೆಲ್ಲ ಕಡಲಾಗಿದ್ದವು. ಮೂರನೇ ದಿನಕ್ಕೆ ಸಸಿ ಕೆಂಪಾಗಿ ಮಲಗಿತು.

ಯಂತ್ರ ದಿನಚರಿ ಬರೆಯುತ್ತದೆ, ಅದನ್ನು ಯಾರೂ ಅಳಿಸಲಾರರು. ಅದರಲ್ಲಿ ಒಂದು ಸಾಲು ಇತ್ತು: "ಬಾಗಿಲು ತೆರೆಯಿತು. ನಡೆಸಿದವರು: ಬೀರಮ್ಮ ಹಮ್ಮು ಗೌಡ."

ನೀರು ನುಗ್ಗಿದ ಸಂಜೆಯೇ ಶಾಲೆಯ ಜಗಲಿಯಲ್ಲಿ ಜನ ಸೇರಿದ್ದರು. ಬೀರಮ್ಮ, "ನನ್ನ ಕೈ ಕೆಸರಲ್ಲಿತ್ತು, ನೀವೆಲ್ಲ ನೋಡಿದ್ರಿ" ಎಂದಳು.

"ಕೈ ಕೆಸರಲ್ಲಿದ್ರೆ ಹೆಸರು ಯಂತ್ರದಲ್ಲಿ ಹೆಂಗೆ ಬಂತು?" ಒಬ್ಬ ಕೇಳಿದ. "ಮೊದಲೇ ಬರೆದಿಟ್ಟು ಹೊತ್ತು ಕೊಟ್ಟಿಟ್ಟಿರಬಹುದಲ್ಲ?"

ಆಗ ಎದ್ದು ನಿಂತವನು ಶಾಂತಾರಾಮ. ಬೀರಮ್ಮನಿಗಿಂತ ಎರಡು ವರ್ಷ ಚಿಕ್ಕವ. ತಾಯಿಯಿಲ್ಲದ ಬೀರಮ್ಮನನ್ನು ಅವನ ಅವ್ವಿ ದುರ್ಗಮ್ಮನೇ ಸಾಕಿದ್ದು. ಒಂದೇ ತಟ್ಟೆಯಲ್ಲಿ ಗಂಜಿ ಉಂಡವರು ಇಬ್ಬರೂ. "ಮನುಷ್ಯ ಅಂದ್ಮೇಲೆ ಮರೆವು ಅದೆ," ಎಂದ ಅವನು. "ಅಕ್ಕ ಬೇಕಂತ ಮಾಡಿದವಳಲ್ಲ. ದಣಿದಿದಾಳೆ. ಅವಳ ಮೇಲೆ ಯಾರೂ ಕೂಗಾಡೂದು ಬೇಡ. ಜಂತ್ರಡಿ ಎಳೆಯೂ ಕೆಲಸ ಕಚೇರಿಗೆ ಕೊಟ್ಬಿಡುವ, ಅವಳಿಗೂ ಹಗುರಾಗ್ತದೆ."

ಬೀರಮ್ಮನ ಕಣ್ಣು ತುಂಬಿ ಬಂತು. ಇಡೀ ಜಗಲಿಯಲ್ಲಿ ತನ್ನ ಪರವಾಗಿ ಎದ್ದವ ಇವನೊಬ್ಬನೇ. ದಣಿದಿದಾಳೆ ಅನ್ನುವ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ಅಮಾಸೆಯವರೆಗೆ ಹದಿನೈದು ದಿನ ಗಡುವು ಸಿಕ್ಕಿತು. ಅಷ್ಟರಲ್ಲಿ ಬಾಗಿಲು ಹೇಗೆ ತೆರೆಯಿತು ಎಂದು ಬೀರಮ್ಮ ತೋರಿಸಬೇಕು. ಇಲ್ಲವಾದರೆ ಏಳು ತಲೆಮಾರಿನಿಂದ ಬಂದ ಎಳೆಯುವ ಮನೆಯ ಕೆಲಸ ಅವಳ ಕಾಲಕ್ಕೆ ಮುಗಿಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಬೀಜಕ್ಕೆಂದು ಬಿಟ್ಟ ಮೇಲುಗದ್ದೆಯ ತುಂಡೊಂದೇ ಈಗ ಉಳಿದಿರುವುದು. ಅಮಾಸೆಯ ಉಬ್ಬರ ಹುಣ್ಣಿಮೆಯದಕ್ಕಿಂತ ಎತ್ತರ. ಅಂದು ಬಾಗಿಲು ಇನ್ನೊಮ್ಮೆ ತೆರೆದರೆ ಕಗ್ಗದ ಬೀಜವೇ ಊರಲ್ಲಿ ಉಳಿಯುವುದಿಲ್ಲ. ಸರ್ವರನ್ನೇ ಆರಿಸಿಡೋಣವೆಂದರೆ ಅದೂ ಆಗದು. ನೆರೆಗೆ ಕಟ್ಟೆ ಒಡೆಯದಿರಲೆಂದು, ಸರ್ವರ್ ನಿಂತ ಕೂಡಲೇ ಬಾಗಿಲು ತೆರೆದುಕೊಳ್ಳುವಂತೆ ಮೋಟಾರು ಮಾಡಿದ್ದರು.

ಸಭೆ ಮುಗಿದ ರಾತ್ರಿ ಒಲೆಯ ಮುಂದೆ ಗಂಡ ಹಮ್ಮು ಚಿಪ್ಪಿಕಲ್ಲಿನ ಮಾಂಸ ಬಿಡಿಸುತ್ತ ಕೂತಿದ್ದ. ತಲೆ ಎತ್ತದೆ, "ನೀನೇ ಏನಾದ್ರೂ ಮರೆತು ಒತ್ತಿದ್ಯನಾ?" ಎಂದ.

"ನೀವೂನಾ?"

"ನಾನು ಎಂತ ಹೇಳ್ದೆ? ಸುಮ್ನೆ ಕೇಳ್ದೆ ಮಾರಾಯ್ತಿ."

ಬೀರಮ್ಮ ಸಾರಿಗೆ ಉಪ್ಪು ಹಾಕಲು ಕೈಯೆತ್ತಿದವಳು, ಹಾಕಿದ್ದೆನೋ ಇಲ್ಲವೋ ಎಂದು ಅನುಮಾನ ಬಂದು ಹಾಗೇ ನಿಂತಳು. ಇಷ್ಟು ವರ್ಷದಲ್ಲಿ ಅವಳಿಗೆ ತನ್ನ ಕೈಯ ಮೇಲೆ ಅನುಮಾನ ಬಂದದ್ದು ಅಂದೇ ಮೊದಲು.

*

ಹದಿನಾಲ್ಕು ದಿನ ಅವಳು ಶಾಲೆಯ ಕೊಠಡಿಯಲ್ಲಿ ಕೂತಳು. ಬಾಗಿಲಿನ ಕೋಣೆಯಲ್ಲಿ ಶಾಂತಾರಾಮ ಬರೆದಿಟ್ಟ ಒಂದೊಂದು ಸಾಲನ್ನೂ ಓದಿದಳು. ಎಲ್ಲ ನೇರ. ಹುಣ್ಣಿಮೆಯ ಉಬ್ಬರಕ್ಕೆ ಮುಚ್ಚು ಎಂದೇ ಇತ್ತು. ಅಪ್ಪಣೆಗಳನ್ನು ನೋಡಿದಳು, ಅವೂ ತಾನು ಇಟ್ಟ ಹಾಗೇ ಇದ್ದವು. ಹೊರಗಿನವರು ಬಂದ ಗುರುತಿಲ್ಲ. ಯಂತ್ರ ಮಾತ್ರ ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡುತ್ತಿತ್ತು: ನೀನೇ.

ಒಂದು ದಿನ ಶಾಂತಾರಾಮ ಹಾಲುಬಾಯಿ ಮಾಡಿಸಿಕೊಂಡು ಬಂದ. "ತಿನ್ನಕ್ಕಾ. ಮೋರೆ ನೋಡಿದ್ಯಾ ಕನ್ನಡಿಯಲ್ಲಿ? ಕಚೇರಿಗೆ ಕೊಟ್ಟು ಹಾಯಾಗಿರು. ನಮ್ಮ ಕಾಲದ ಕೆಲಸ ಮುಗೀತು."

"ಬೀಜ ಹೋದ್ರೆ ಹಾಯಾಗಿ ಎಂತ ತಿಂತೆವೆ ಶಾಂತು?"

ಅವನು ಕಿಟಕಿಯ ಹೊರಗೆ ನೋಡಿದ. ನೀರಿನ ನಡುವೆ ಒಂದು ಕಂಬ, ಅದರ ತುದಿಗೆ ದೀಪ. ಜಟಗನ ಕಲ್ಲು ಮುಳುಗಿದ ಜಾಗ ಅದು. "ನೀನು ಅವ್ವಿಗೆ ಮಾಡಿದ್ದು ನಾನು ಮರೆಯೂದಿಲ್ಲ ಅಕ್ಕಾ," ಎಂದು ಎದ್ದು ಹೋದ.

ಆ ದೀಪದ ಕಥೆ ಹೀಗೆ. ಎರಡು ವರ್ಷದ ಹಿಂದೆ ದುರ್ಗಮ್ಮ ಹಾಸಿಗೆ ಹಿಡಿದಿದ್ದಳು. ಹರಕೆ ಬರೆಸಿ ಇಟ್ಟರೂ ಅವಳಿಗೆ ಸಮಾಧಾನವಿಲ್ಲ. "ಹಣತೆ ಹಚ್ಚದ ಹರಕೆ ಜಟಗನಿಗೆ ಮುಟ್ಟುತ್ತದಾ?" ಎಂದು ಗೊಣಗುತ್ತಿದ್ದಳು. ಕೋಣೆಯಲ್ಲಿ ಹೊಸ ಹರಕೆ ಬಂದರೂ, ಇದ್ದದ್ದು ಅಲುಗಿದರೂ ಕಂಬದ ದೀಪ ಹತ್ತಿಕೊಳ್ಳುವ ಹಾಗೆ ಮಾಡಬಹುದು ಎಂದು ಶಾಂತಾರಾಮ ಹೇಳಿದ. ಅದಕ್ಕೆ ಹರಕೆಕೋಣೆಗೆ ನಡೆಸುವ ಅಪ್ಪಣೆ ಬೇಕು. ಬೀರಮ್ಮ ಹಿಂದೆಮುಂದೆ ನೋಡಿದಳು. ಸಾತಜ್ಜಿಯಂತೂ, "ಕಂಡವರೆಲ್ಲ ಕೈಹಾಕೂ ಡಬ್ಬಿಗೆ ಕಾಲು ಕೊಡ್ತೆಯನೇ ಹೆಣ್ಣೇ?" ಎಂದು ಗದರಿದ್ದಳು. ಆದರೆ ಅವ್ವಿಯ ಕೈ ಬೀರಮ್ಮನ ಕೈಯಲ್ಲಿತ್ತು. ಒಣಗಿದ ಎಲೆಯಷ್ಟು ಹಗುರ. ಕೊಟ್ಟಳು. ಸಂಜೆ ದೀಪ ಹತ್ತಿದಾಗ ಮುದುಕಿ ಮಲಗಿದಲ್ಲೇ ಕೈಮುಗಿದಳು. ಎಂಟನೇ ದಿನ ಹೋದಳು. ಕೊಟ್ಟ ಅಪ್ಪಣೆಯನ್ನು ಹಿಂದೆ ತೆಗೆದುಕೊಳ್ಳಲು ಬೀರಮ್ಮನಿಗೆ ಮನಸ್ಸಾಗಲಿಲ್ಲ. ಹೊಳೆಯಾಚೆ ಹೋಗಿ ನೆಲೆಸಿದ ಹೆಂಗಸರೂ ಅಲ್ಲಿಂದಲೇ ಹರಕೆ ಇಟ್ಟು, ಆ ದಡದಲ್ಲಿ ನಿಂತು ದೀಪ ನೋಡುತ್ತಿದ್ದರು. ಯಾರ ಬೆಳಕನ್ನು ಆರಿಸುವುದು?

*

ಅಮಾಸೆಯ ಬೆಳಗು. ಉಬ್ಬರ ಹನ್ನೊಂದು ಐವತ್ತೆರಡಕ್ಕೆ. ಹತ್ತು ಗಂಟೆಗೆ ಸಾತಜ್ಜಿ ಕೋಲು ಊರಿಕೊಂಡು ದಿಬ್ಬ ಹತ್ತಿ ಬಂದಳು. ಕಂಕುಳಲ್ಲಿ ಹಳೆಯ ನೋಟುಬುಕ್ಕು.

"ಅಜ್ಜೀ, ಈ ಬಿಸಿಲಲ್ಲಿ ಎಂತಕೆ ಬಂದ್ರಿ?"

"ಸಾಯುಕೆ ಮುಂಚೆ ಒಂದು ಮಾತು ಹೇಳುಕೆ. ನನ್ನ ಮನೆ ನೋಡೂ ಮನೆ. ಕೇಳಿದ್ರೆ ಮಾತ್ರ ಹೇಳೂದು ನಮ್ಮ ರೀತಿ. ಹದಿನೈದು ದಿನ ಆಯ್ತು, ಒಬ್ಬ ಬೋಸುಡಿಮಗನೂ ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ. ಪೆಟ್ಟಿಗೆಯ ಮೋರೆ ನೋಡ್ತಾ ಕೂತೆ."

ಬೀರಮ್ಮ ಕೈಮುಗಿದಳು. "ತಪ್ಪಾಯ್ತು. ಈಗ ಕೇಳ್ತೆ. ಹುಣ್ಣಿಮೆ ದಿನ ಎಂತ ನೋಡಿದ್ರಿ?"

ಅಜ್ಜಿ ಪುಟ ತಿರುವಿದಳು. ನೀರಿನ ಅಳತೆ, ಗಾಳಿಯ ದಿಕ್ಕು, ಕೊಕ್ಕರೆ ಕೂತ ಜಾಗ, ಎಲ್ಲ ಇತ್ತು. ಬಾಗಿಲು ತೆರೆದ ಹೊತ್ತಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡೇ ಪದ: ದೀಪ ಹತ್ತಿತು.

"ನಡುಹಗಲು," ಎಂದಳು ಅಜ್ಜಿ. "ಊರೆಲ್ಲ ಕೆಸರಲ್ಲಿ. ಫೋನೆಲ್ಲ ಬುಟ್ಟಿಯಲ್ಲಿ. ಜಟಗನಿಗೆ ಆಗ ಹರಕೆ ಹೊತ್ತವರು ಯಾರು?"

ಬೀರಮ್ಮ ಯಂತ್ರದ ಕಡೆ ತಿರುಗಿದಳು. ಅವಳು ಹುಡುಕದೆ ಬಿಟ್ಟ ಕೋಣೆ ಹರಕೆಯದೊಂದೇ. ದೇವರದ್ದೆಂದು ಬಿಟ್ಟಿದ್ದಳು.

ಓದದಿದ್ದರೂ ಪಟ್ಟಿ ನೋಡಬಹುದು: ಇಟ್ಟವರ ಹೆಸರು, ಮುಟ್ಟಿದ ದಿನ. ಎರಡು ಸಾವಿರದ ಮುನ್ನೂರು ಹರಕೆ. ಇತ್ತೀಚೆಗೆ ಮುಟ್ಟಿದವು ಮೇಲೆ ಬರುವಂತೆ ಜೋಡಿಸಿದಳು. ಹುಣ್ಣಿಮೆಯ ಆ ಹೊತ್ತಿಗೆ, ಹೊಳೆಯಾಚೆಯವರೂ ಸೇರಿ, ಯಾರೂ ಹರಕೆ ಇಟ್ಟಿರಲಿಲ್ಲ. ಆದರೆ ಅದಕ್ಕೆ ಮೂರು ದಿನ ಮೊದಲು, ಬೆಳಿಗ್ಗೆ ಒಂಬತ್ತಕ್ಕೆ, ಒಂದು ಹಳೆಯ ಹರಕೆಯನ್ನು ತಿದ್ದಲಾಗಿತ್ತು. ಇಟ್ಟವರ ಹೆಸರು ದುರ್ಗಮ್ಮ.

ದುರ್ಗಮ್ಮ ಸತ್ತು ಎರಡು ವರ್ಷವಾಗಿತ್ತು. ಅವಳ ಫೋನು ಅವಳ ಮಗನ ಮನೆಯ ಗೂಡಿನಲ್ಲಿತ್ತು.

ಆಮೇಲೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹರಕೆಕೋಣೆಯಲ್ಲಿ ನಡೆಯುವುದೆಲ್ಲ ಒಡತಿಯ ಹೆಸರಿನಲ್ಲಿ ನಡೆಯುತ್ತದೆ. ಬೀರಮ್ಮನ ಹೆಸರಿಗೆ ಜಂತ್ರಡಿ ಬಾಗಿಲು ತೆರೆಯುತ್ತದೆ. ಹರಕೆಯ ಕೆಳಗೆ ನಾಲ್ಕು ಸಾಲು ಸೇರಿಸಿ, ಹುಣ್ಣಿಮೆಗೂ ಅಮಾಸೆಗೂ ಹೊತ್ತು ಕೊಟ್ಟು ಮಲಗಿಸಿದರೆ ಸಾಕು. ಹೊತ್ತಿಗೆ ಸರಿಯಾಗಿ ಸಾಲು ಎದ್ದು ಬಾಗಿಲು ತೆರೆಯುತ್ತದೆ, ಹರಕೆ ಅಲುಗಿತೆಂದು ದೀಪವೂ ಹತ್ತುತ್ತದೆ. ಯಾರೂ ಓದುವುದಿಲ್ಲ. ಬೀರಮ್ಮ ಓದುವುದಿಲ್ಲ ಎಂಬುದು ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವನಿಗೆ ಚೆನ್ನಾಗಿ ಗೊತ್ತು.

ಅವಳು ಕಣ್ಣು ಮುಚ್ಚಿ ಕೂತಳು. ಬೇರೆ ಯಾರೋ ಫೋನು ಕದ್ದಿರಬಹುದು ಎಂದು ಮನಸ್ಸು ಹುಡುಕಾಡಿತು. ಹಾಲುಬಾಯಿಯ ಸಿಹಿ ಈಗ ನಾಲಗೆಗೆ ಬಂದು ಕಹಿಯಾಯಿತು.

"ಓದು," ಎಂದಳು ಅಜ್ಜಿ. "ಓದಿ ಎಲ್ಲರಿಗೂ ತೋರ್ಸು. ನಿನ್ನ ಹೆಸರು ಉಳೀತದೆ."

"ಅವ್ವಿ ಜಟಗನ ಹತ್ರ ಹೇಳಿದ್ದು ಅಜ್ಜೀ. ನನ್ನ ಹತ್ರ ಹೇಳಿದ್ದಲ್ಲ."

ಅವಳು ಆ ಕೋಣೆಯ ನಡೆಸುವ ಅಪ್ಪಣೆಯನ್ನು ತೆಗೆದಳು. ಒಂದು ಸಾಲು ಬರೆದು ಒತ್ತುವುದು, ಅಷ್ಟೇ ಕೆಲಸ. ಒತ್ತುವ ಮೊದಲು ಕಂಬದ ಕಡೆ ತಿರುಗಿ, "ತಂದೇ, ಇನ್ನು ಮೇಲೆ ನಿನ್ನ ಮುಂದೆ ದೀಪ ಹತ್ತೂದಿಲ್ಲ. ನನ್ನ ಕೈಯಾರೆ ಆರಿಸ್ತೆ. ಪಾಪ ನನಗಿರಲಿ" ಎಂದಳು. ಎರಡು ಸಾವಿರದ ಮುನ್ನೂರು ಹರಕೆಗಳು ಬರೀ ಮಾತಾಗಿ ಮಲಗಿದವು.

*

ಕಟ್ಟೆಯ ಮೇಲೆ ಜನ ನೆರೆದಿದ್ದರು. ಕಚೇರಿಯವರೊಬ್ಬರು ಕಾಗದ ಹಿಡಿದು ನಿಂತಿದ್ದರು. ಬೀರಮ್ಮ ರುಜು ಹಾಕಿದರೆ ಬಾಗಿಲು ಅವರದು. ಸಾತಜ್ಜಿ ನೀರಿಗೆ ಕೋಲಿಳಿಸಿ ಕೂಗಿದಳು: "ನಾಲ್ಕು ಗೇಣು!"

"ಉತ್ತರ ಸಿಕ್ತಾ ಬೀರಕ್ಕಾ?" ಯಾರೋ ಕೇಳಿದರು.

"ಸ್ವಲ್ಪ ತಡೀರಿ," ಎಂದಳು.

"ನಾಲ್ಕೂವರೆ!"

ಹನ್ನೊಂದು ಐವತ್ತು. ಎಲ್ಲರೂ ಬೀರಮ್ಮನನ್ನು ನೋಡುತ್ತಿದ್ದರು. ಬೀರಮ್ಮ ನೋಡುತ್ತಿದ್ದುದು ಒಬ್ಬನನ್ನೇ. ಐವತ್ತೆರಡಾಯಿತು. ಶಾಂತಾರಾಮ ಜಂತ್ರಡಿಯ ಕಡೆ ತಿರುಗಿದ. ಹೊರಗೆ ನೀರು ಬಾಗಿಲಿಗೆ ಬಡಿಯುತ್ತಿತ್ತು, ಬಾಗಿಲು ಅಲುಗಲಿಲ್ಲ. ಅವನು ಫೋನು ತೆಗೆದು ಹೊತ್ತು ನೋಡಿದ. ಮತ್ತೆ ಬಾಗಿಲು ನೋಡಿದ. ಮತ್ತೆ ಹೊತ್ತು. ಕತ್ತು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿತ್ತು.

"ತೆರೀಲಿಲ್ಲ, ಅಲ್ದಾ ಶಾಂತು?" ಬೀರಮ್ಮ ಮೆಲ್ಲನೆ ಕೇಳಿದಳು.

"ಎಂತದು?"

"ಇವತ್ತು ಇಷ್ಟು ಹೊತ್ತಿಗೆ ತೆರೀತದೆ ಅಂತ ನಿಂಗೆ ಯಾರು ಹೇಳಿದ್ರು?"

ಒಬ್ಬೊಬ್ಬರೇ ಅವನ ಕಡೆ ತಿರುಗಿದರು. ಅವನು ಫೋನು ಕಿಸೆಗೆ ಹಾಕಿಕೊಂಡ. ಕೊನೆಗೆ ಕಟ್ಟೆಯ ಮಣ್ಣಿನ ಮೇಲೆ ಕುಸಿದು ಕೂತ.

"ಮೂರು ವರ್ಷದಿಂದ ಹೇಳ್ತಿದ್ದೆ," ಎಂದ. "ಹುಣ್ಣಿಮೆಗೆ ನನ್ನ ಅಂಗಳಕ್ಕೆ ನೀರು ಬರ್ತದೆ, ಅಮಾಸೆಗೆ ಮಕ್ಕಳು ಮಲಗೂ ಕೋಣೆಗೆ ಬರ್ತದೆ. ಭತ್ತ ಬೆಳೀತದೆ ಅನ್ನೂವರೆಗೆ ಸರ್ಕಾರ ಗುಡ್ಡದ ಮೇಲೆ ಜಾಗ ಕೊಡೂದಿಲ್ಲ. ಎಲ್ಲರೂ ಎದ್ದು ಹೋಗುವ ಅಂದೆ. ಹೇಳೂ ಮನೆ ಅಂತೆ! ಹೇಳಿದ್ದನ್ನ ಯಾರು ಕೇಳಿದ್ರಿ?"

ಯಾರೂ ಕೇಳಿರಲಿಲ್ಲ. ಅದು ನಿಜವಾಗಿತ್ತು.

"ನನ್ನ ಹೆಸರು ಯಾಕೆ?" ಎಂದಳು ಬೀರಮ್ಮ. ಅವಳಿಗೆ ಬೇಕಾದದ್ದು ಅದೊಂದೇ ಉತ್ತರ.

"ನಿನ್ನ ಮೇಲೆ ಯಾರಿಗೂ ಸಿಟ್ಟು ಬರೂದಿಲ್ಲ ಅಂದ್ಕಂಡೆ ಅಕ್ಕಾ. ಮರೆವು ಅಂದು ಬಿಟ್ಬಿಡ್ತಾರೆ ಅಂತ."

ಅಂದರೆ ಅವನು ಅವಳ ಒಳ್ಳೆಯ ಹೆಸರನ್ನು ಅಳೆದು ನೋಡಿ, ಇಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಹಾಕಿ ಹೊರಿಸಿದ್ದ. ಜಗಲಿಯಲ್ಲಿ ಎದ್ದು ನಿಂತು ಪರ ವಹಿಸಿದ್ದೂ ಆ ಲೆಕ್ಕದ ಒಳಗಿನ ಮಾತೇ. ಬೀರಮ್ಮನಿಗೆ ಅಳು ಬರಲಿಲ್ಲ. ಒಳಗೆ ಏನೋ ಸಸಿಯ ಹಾಗೆ ಕೆಂಪಾಗಿ ಮಲಗಿದ್ದು ಗೊತ್ತಾಯಿತು.

"ಅವ್ವಿಯ ಹರಕೆ ಓದಿದ್ಯಾ?" ಅವನು ಹೆದರುತ್ತ ಕೇಳಿದ.

"ಇಲ್ಲ. ನಾನು ಓದೂಳಲ್ಲ ಅಂತ ನಂಬಿಯೇ ಅಲ್ಲಿ ಬಚ್ಚಿಟ್ಟೆ. ಆದರೆ ನೀನು ಓದಿದ್ದೆ. ಓದದೆ ಅದರ ಕೆಳಗೆ ಬರೆಯುಕೆ ಬರ್ತದಾ? ಹೇಳೂ ಮನೆಯವ ನೀನು. ಹೇಳು."

ಅವನು ತಲೆಯಾಡಿಸಿದ, ಬೇಡವೆಂದು. ಸಾತಜ್ಜಿ ನೀರಿನಿಂದ ಕೋಲು ಎತ್ತಿ ಅವನ ಮುಂದೆ ಮಣ್ಣಿಗೆ ಊರಿದಳು. ತುದಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

"ಜಟಗಪ್ಪಾ," ಶಾಂತಾರಾಮ ಅವ್ವಿಯ ಮಾತನ್ನು ಅವ್ವಿಯ ರಾಗದಲ್ಲೇ ಹೇಳತೊಡಗಿದ. ಬೇಕೆಂದು ಹಾಗೆ ಹೇಳಿದ್ದಲ್ಲ, ಬಂದದ್ದೇ ಹಾಗೆ. "ನನ್ನ ಶಾಂತುಗೆ ಆತುರ ಜಾಸ್ತಿ. ಬೀರಿ ಕೈ ನಿಧಾನ. ಬಾಗಿಲು ಯಾವತ್ತೂ ಬೀರಿ ಕೈಯಲ್ಲೇ ಇರ್ಲಿ. ಅವಳು ಇವನ ಕೈ ಬಿಡದ ಹಾಗೆ ನೋಡ್ಕ."

ಅಷ್ಟು ಹೇಳಿ ಅವನು ಮೊಣಕಾಲಿಗೆ ತಲೆಯಿಟ್ಟ. ಕಚೇರಿಯವರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಬಾಯಿಬಿಟ್ಟ ಹರಕೆ ಫಲಿಸುವುದಿಲ್ಲ. ಅವ್ವಿಯದು ಅಂದು ಊರೆದುರು ಬಾಯಿಬಿಟ್ಟಿತು. ಬೀರಮ್ಮ ಅವನ ತಲೆಯ ಮೇಲೆ ಕೈಯಿಡಲು ಹೋದಳು. ಕೈ ಅರ್ಧ ದಾರಿಗೆ ನಿಂತಿತು. ಹಾಗೇ ಹಿಂದೆ ತಂದುಕೊಂಡಳು.

ಬೀಜದ ಗದ್ದೆ ಉಳಿಯಿತು. ಬಾಗಿಲು ಬೀರಮ್ಮನ ಕೈಯಲ್ಲೇ ಉಳಿಯಿತು. ಗುಡ್ಡದ ಜಾಗದ ಮಾತನ್ನು ಮುಂದಿನ ಸಭೆಯಲ್ಲಿ ಮೊದಲು ಎತ್ತಿದವಳೂ ಅವಳೇ. ಶಾಂತಾರಾಮ ಆ ಸಭೆಗೆ ಬಂದಿರಲಿಲ್ಲ. ಹರಕೆಗಳು ಈಗಲೂ ಬರುತ್ತವೆ. ಹೊಳೆಯಾಚೆಯ ಹೆಂಗಸರು ಕೆಲವು ದಿನ ದಡಕ್ಕೆ ಬಂದು ಕತ್ತಲೆಯ ಕಂಬ ನೋಡಿ, ಆಮೇಲೆ ಬರುವುದನ್ನು ಬಿಟ್ಟರು.

ಯಂತ್ರದ ದಿನಚರಿ ಮಾತ್ರ ಇದ್ದ ಹಾಗೇ ಇದೆ. ಅದನ್ನು ಅಳಿಸುವ ಅಪ್ಪಣೆ ಯಾರಿಗೂ ಇಲ್ಲ; ಹಾಗೆ ಇಟ್ಟವಳು ಬೀರಮ್ಮನೇ. ಆ ಹುಣ್ಣಿಮೆಯ ಪುಟ ತೆರೆದರೆ ಇಂದಿಗೂ ಅದೇ ಸಾಲು ಬರುತ್ತದೆ: ಬಾಗಿಲು ತೆರೆಯಿತು. ನಡೆಸಿದವರು: ಬೀರಮ್ಮ ಹಮ್ಮು ಗೌಡ. ಒಮ್ಮೊಮ್ಮೆ ಅವಳು ಅದನ್ನು ತೆಗೆದು ಓದುತ್ತಾಳೆ. ಸುಳ್ಳು ಅನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಅವ್ವಿಯ ಹಾಸಿಗೆಯ ಪಕ್ಕ ಕೂತು, ಆ ಹಗುರ ಕೈಯನ್ನು ಹಿಡಿದುಕೊಂಡು, ಅಪ್ಪಣೆ ಕೊಟ್ಟವಳು ತಾನೇ ಅಲ್ಲವೆ?